ನಳದ ನೀರು ಎಲ್ಲಿಂದ ಬರುತ್ತದೆ?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಚಾಳಿನ ಹುಡುಗಿಯೊಬ್ಬಳು ಮೆಟ್ಟಲ ಮೇಲೆ ಕುಳಿತು ಪಾಠ ಬಾಯಿಪಾಠ ಮಾಡುತ್ತಿದ್ದಳು. ಐದನೆಯ ತರಗತಿ. ತಂದೆ ಹೊಟೇಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ಪಾಠದ ಹೆಸರು ಜಲಚಕ್ರ. ಸಮುದ್ರ, ಆವಿ, ಮೋಡ, ಮಳೆ, ನದಿ, ಪುನಃ ಸಮುದ್ರ ಎಂದು ಬಾಣದ ಗುರುತು ಹಾಕಿ ಅಂದವಾದ ಚಿತ್ರವನ್ನೂ ಬರೆದಿದ್ದಳು. ಇಂಗ್ಲಿಷ್ ಶಬ್ದಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಹೇಳಿದಳು. ನಾನು ಮೆಚ್ಚಿಕೊಂಡು, "ಹಾಗಾದರೆ ಮಗಾ, ನಮ್ಮ ನಳಕ್ಕೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದೆ.

"ಟಾಂಕಿಯಿಂದ, ಮಾಮಾ."

"ಟಾಂಕಿಗೆ?"

"ಮುನಿಸಿಪಾಲಿಟಿಯವರು ಬಿಡುತ್ತಾರೆ."

"ಅವರಿಗೆ ಎಲ್ಲಿಂದ ಸಿಕ್ಕಿತು?"

ಹುಡುಗಿ ನಕ್ಕುಬಿಟ್ಟಳು. "ಅದು ಪುಸ್ತಕದಲ್ಲಿ ಇಲ್ಲ" ಎಂದಳು.

ಇದು ಆ ಮಗುವಿನ ತಪ್ಪಲ್ಲ. ಹತ್ತು ವರ್ಷ ಅದೇ ನಳದ ಕೆಳಗೆ ಪಾತ್ರೆ ತೊಳೆದ ನನಗೂ ಗೊತ್ತಿರಲಿಲ್ಲ. ಮುಂಜಾನೆ ನಾಲ್ಕು ಗಂಟೆಗೆ ನೀರು ಬರುತ್ತದೆ, ಆರಕ್ಕೆ ನಿಲ್ಲುತ್ತದೆ, ಅಷ್ಟರೊಳಗೆ ಪೀಪಾಯಿ ತುಂಬಿಸದಿದ್ದರೆ ಸೇಠರ ಬೈಗಳು ತಪ್ಪದು ಎಂಬುದಷ್ಟೇ ನನ್ನ ಜಲಶಾಸ್ತ್ರವಾಗಿತ್ತು. ಆದರೆ ಆ ಹುಡುಗಿಯ ಉತ್ತರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಅವಳು ಕಲಿತ ಪಾಠದಲ್ಲಿ ಲೋಕದ ಸಮುದ್ರಗಳೆಲ್ಲ ಇದ್ದುವು, ಅವಳ ಮನೆಯ ನಳ ಮಾತ್ರ ಇರಲಿಲ್ಲ.

ಹೋದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಭಾನುವಾರದ ಮಕ್ಕಳ ತರಗತಿಯ ವಿಚಾರ ಚರ್ಚೆಗೆ ಬಂತು. ಮೂರನೆಯ ತರಗತಿಯಿಂದ ಏಳನೆಯವರೆಗಿನ ಮಕ್ಕಳಿಗೆ ಈಗ ಎರಡು ಗಂಟೆ ಕನ್ನಡ ಅಕ್ಷರವನ್ನೂ ಲೆಕ್ಕವನ್ನೂ ಹೇಳಿಕೊಡುತ್ತೇವೆ. ಅದರ ಜೊತೆಗೆ ಒಂದು ಗಂಟೆ ನಿಸರ್ಗ ವಿಜ್ಞಾನವನ್ನು, ಅಂದರೆ ನಾವು ಬದುಕುವುದಕ್ಕೆ ಕಾರಣವಾದ ಗಾಳಿ, ನೀರು, ಮಣ್ಣು, ಬಿಸಿಲು, ಗಿಡಮರ, ಪ್ರಾಣಿಗಳ ವಿಚಾರವನ್ನು ಕಲಿಸೋಣ ಎಂದು ನಾನು ಸೂಚನೆ ಮಂಡಿಸಿದೆ. ಹಿರಿಯ ಸದಸ್ಯರೊಬ್ಬರು ಎದ್ದು, "ನಮ್ಮ ಮಕ್ಕಳು ನಮ್ಮ ಹಾಗೆ ತಟ್ಟೆ ತೊಳೆಯಬಾರದು ಎಂದಿದ್ದರೆ ಅವರಿಗೆ ಇಂಗ್ಲಿಷ್ ಮಾತು ಬೇಕು, ಕಂಪ್ಯೂಟರ್ ಬೇಕು. ಮೋಡ ನೋಡಿಕೊಂಡು ಕುಳಿತರೆ ಹೊಟ್ಟೆ ತುಂಬೀತೇ?" ಎಂದರು. ಅನೇಕರು ತಲೆದೂಗಿದರು. ನಿರ್ಣಯ ಮುಂದಿನ ಸಭೆಗೆ ಹೋಯಿತು. ಸಭೆಯಲ್ಲಿ ನನಗೆ ಸರಿಯಾಗಿ ಹೇಳಲಿಕ್ಕೆ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಳಕಳಿ ನಿಜವಾದದ್ದು. ಆದರೆ ಹೊಟ್ಟೆ ತುಂಬುವ ಪ್ರಶ್ನೆಯನ್ನು ಅವರೇ ಎತ್ತಿದ್ದರಿಂದ ನಾನೂ ಹೊಟ್ಟೆಯಿಂದಲೇ ಸುರು ಮಾಡುತ್ತೇನೆ.

ನಾವು ದಿನಾಲೂ ನೂರಾರು ಮಂದಿಗೆ ಬಡಿಸುವ ಇಡ್ಲಿಯನ್ನೇ ತಕ್ಕೊಳ್ಳಿ. ಅದರಲ್ಲಿ ಇರುವುದು ಅಕ್ಕಿ, ಉದ್ದು, ಉಪ್ಪು, ನೀರು. ಊರಿನಲ್ಲಿ ನಮ್ಮ ಹಿರಿಯರು ಗದ್ದೆಯ ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿಯೇ ಉದ್ದು ಬಿತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಯಾಕೆ ಉದ್ದು? ಮುಂದಿನ ಬೆಳೆಗೆ ಗದ್ದೆ ಸತ್ವ ಹಿಡಿಯುತ್ತದೆ ಎಂದು ಅಜ್ಜಂದಿರು ಹೇಳುತ್ತಿದ್ದರು. ಉದ್ದಿನ ಗಿಡವನ್ನು ಮೆಲ್ಲಗೆ ಕಿತ್ತು ಬೇರನ್ನು ತೊಳೆದು ನೋಡಿದರೆ ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಆ ಗಂಟುಗಳೊಳಗೆ ಕಣ್ಣಿಗೆ ಕಾಣದ ಜೀವಿಗಳು ವಾಸಿಸುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಆದರೆ ಭತ್ತದ ಗಿಡಕ್ಕಾಗಲಿ ನಮಗಾಗಲಿ ಅದನ್ನು ನೇರವಾಗಿ ಗಾಳಿಯಿಂದ ಹೀರಿ ಮೈಗೆ ಹಾಕಿಕೊಳ್ಳುವ ಶಕ್ತಿ ಇಲ್ಲ. ಈ ಜೀವಿಗಳಿಗೆ ಇದೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಕೊಯ್ಲಿನ ತರುವಾಯ ಬೇರು ಮಣ್ಣಿನಲ್ಲಿ ಕೊಳೆತು ಗದ್ದೆಗೆ ಗೊಬ್ಬರವಾಗುತ್ತದೆ. ಯಾವ ಸೇಠನೂ ಇಲ್ಲದೆ ನಡೆಯುವ ಈ ಕೊಡುಕೊಳೆ ನೋಡಿದರೆ ಯೂನಿಯನ್ನಿನವರಿಗೂ ಹೊಟ್ಟೆಕಿಚ್ಚು ಬರಬೇಕು!

ಇನ್ನು ರುಬ್ಬಿದ ಹಿಟ್ಟು. ಸಾಯಂಕಾಲ ಅರ್ಧ ಪಾತ್ರೆ ಇದ್ದದ್ದು ಬೆಳಿಗ್ಗೆ ಕಂಠದವರೆಗೆ ಬಂದಿರುತ್ತದೆ. ಹೊಸ ಹುಡುಗ ಪಾತ್ರೆ ಸಣ್ಣದು ಇಟ್ಟನೋ, ನೆಲದ ಮೇಲೆ ಹಿಟ್ಟು, ಬೆನ್ನ ಮೇಲೆ ಏಟು. ಉಬ್ಬಿಸಿದವರು ಯಾರು? ಇಲ್ಲಿಯೂ ಉದ್ದಿನ ಜೊತೆಗೆ ಬಂದ ಕಣ್ಣಿಗೆ ಕಾಣದ ಜೀವಿಗಳೇ. ಅವು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತವೆ. ನಾವು ಉಸಿರು ಬಿಟ್ಟಾಗ ಹೊರಗೆ ಬರುವುದೂ ಅದೇ ವಾಯು. ಉದ್ದಿನ ಅಂಟಿನಲ್ಲಿ ಸಿಕ್ಕಿಬಿದ್ದ ಆ ವಾಯುವೇ ಇಡ್ಲಿಯ ಮೈತುಂಬ ತೂತುಗಳಾಗುತ್ತದೆ. ದಶಂಬರದ ಚಳಿಯಲ್ಲಿ ಹಿಟ್ಟು ಬೇಗ ಬರುವುದಿಲ್ಲ, ಭಟ್ಟಿಯ ಹತ್ತಿರ ಇಡಬೇಕು ಎಂದು ನಮ್ಮ ಅಡಿಗೆಯವರಿಗೆಲ್ಲ ಗೊತ್ತು. ಆ ಜೀವಿಗಳಿಗೂ ಚಳಿ ಇದೆ, ಅವೂ ಜೀವಿಗಳೇ ಎಂಬ ಮುಂದಿನ ಮಾತನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಒಂದು ಪಾತ್ರೆ ಹಿಟ್ಟಿನಿಂದ ಉಸಿರಾಟ, ಸೂಕ್ಷ್ಮಜೀವಿ, ಶಾಖ, ವಾಯು ಎಂಬ ನಾಲ್ಕು ಪಾಠಗಳನ್ನು ಎಂಟು ವರ್ಷದ ಮಗುವಿಗೆ ಹೇಳಬಹುದು. ಪ್ರಯೋಗಶಾಲೆ ಬೇಡ. ಪಾತ್ರೆಗೆ ಒಂದು ಗುರುತು ಹಾಕಿ ಗಂಟೆಗೊಮ್ಮೆ ನೋಡಿ ಬರೆದುಕೊಂಡರೆ ಸಾಕು.

ನಮ್ಮಲ್ಲಿ ವಿಜ್ಞಾನ ಇಲ್ಲವೆಂದು ನಾವು ತಿಳಿದುಕೊಂಡಿರುವುದೇ ದೊಡ್ಡ ತಪ್ಪು ಎಂದು ನನಗೆ ಈಚೆಗೆ ಅನಿಸುತ್ತಿದೆ. ನಮ್ಮ ಚಾಳಿನಲ್ಲಿ ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದ ಒಬ್ಬ ಅಜ್ಜ ಇದ್ದಾರೆ. 1982ರ ಮುಷ್ಕರದ ಮೇಲೆ ಗಿರಣಿಯೂ ಹೋಯಿತು, ಕೆಲಸವೂ ಹೋಯಿತು. ಅವರು ಹೇಳುತ್ತಾರೆ: ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ, ಅದಕ್ಕಾಗಿ ಖಾತೆಯೊಳಗೆ ಯಾವಾಗಲೂ ತೇವ ಬಿಡುತ್ತಿದ್ದರು, ನಾವು ಆ ಸೆಕೆಯಲ್ಲಿ ಬೇಯುತ್ತಿದ್ದೆವು. ಗಾಳಿಯಲ್ಲಿ ಕಾಣದಂತೆ ನೀರು ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಯಾವ ಪುಸ್ತಕದಲ್ಲಿದೆ? ಬ್ಲೋ ರೂಮ್ ಮತ್ತು ಕಾರ್ಡಿಂಗ್ ಖಾತೆಗಳಲ್ಲಿ ಹತ್ತಿಯ ಧೂಳು ಕುಡಿದವರಿಗೆ ಸೋಮವಾರ ಕೆಲಸಕ್ಕೆ ಹೋದ ಕೂಡಲೇ ಎದೆ ಬಿಗಿಯುತ್ತಿತ್ತು. ಅದಕ್ಕೆ ಬಿಸಿನೋಸಿಸ್ ಎಂಬ ಹೆಸರಿದೆ, ಅದು ದುಡಿಮೆಯಿಂದ ಬಂದ ರೋಗ ಎಂಬುದು ಬಹು ಮಂದಿಗೆ ಎದೆ ಪೂರ್ತಿ ಕೆಟ್ಟ ಮೇಲೆ ತಿಳಿಯಿತು. ಅಷ್ಟರವರೆಗೆ ಅದು ಬೀಡಿಯ ಕೆಮ್ಮೆಂದೇ ಲೆಕ್ಕ.

ಈಗ ನಾನು ಹೇಳಲೇಬೇಕಾದ ಒಂದು ಸಂಗತಿ ಇದೆ. ಇದನ್ನು ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ನಾನು ಕ್ಲೀನರ್ ಆಗಿದ್ದ ಹೊಟೇಲಿನಲ್ಲಿ ನಾವು ಹುಡುಗರೆಲ್ಲ ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುತ್ತಿದ್ದೆವು. ಜುಲೈ ತಿಂಗಳು, ಎಂಟು ದಿನದಿಂದ ಬಿಡದ ಮಳೆ, ಒಂದು ಅಂಗಿಯೂ ಒಣಗಿರಲಿಲ್ಲ. ಆ ರಾತ್ರಿ ನನಗೆ ಬೇರೆ ಕಡೆ ಕೆಲಸವಿತ್ತು. ಇಬ್ಬರು ಹುಡುಗರು ಬಟ್ಟೆ ಒಣಗಲೆಂದು ಕೆಂಡವಿದ್ದ ಸಿಗಡಿಯನ್ನು ಅಟ್ಟಕ್ಕೆ ಒಯ್ದು, ಇರಚಲು ಬಾರದಿರಲೆಂದು ಕಿಟಕಿ ಮುಚ್ಚಿ ಮಲಗಿದರು. ಬೆಳಿಗ್ಗೆ ಒಬ್ಬ ತಲೆ ಸಿಡಿಯುತ್ತದೆಂದು ವಾಂತಿ ಮಾಡುತ್ತ ಎದ್ದ. ಇನ್ನೊಬ್ಬ ಏಳಲಿಲ್ಲ. ಘಟ್ಟದ ಮೇಲಿನ ಹುಡುಗ. ಎಂಟನೆಯ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾಗಿ ಬಂದವನು. ನನಗೆ ಲೆಕ್ಕ ಬರೆಯಲು ಕಲಿಸಿದವನೇ ಅವನು. ಉರಿಯುವುದಕ್ಕೆ ಆಮ್ಲಜನಕ ಬೇಕು ಎಂಬುದನ್ನು ಅವನು ಪರೀಕ್ಷೆಯಲ್ಲಿ ಖಂಡಿತ ಬರೆದಿದ್ದಾನು. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಕೆಂಡ ಅರೆಬರೆ ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಬಂದು ಕುಳಿತು ಏಳುವುದೇ ಇಲ್ಲ. ಆ ಪಾಠದ ಆಮ್ಲಜನಕಕ್ಕೂ ಈ ಅಟ್ಟದ ಸಿಗಡಿಗೂ ಸಂಬಂಧವಿದೆಯೆಂದು ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಕಿಟಕಿಯನ್ನು ಒಂದು ಗೇಣು ತೆರೆದಿಟ್ಟಿದ್ದರೂ ಅವನು ಉಳಿಯುತ್ತಿದ್ದನೋ ಏನೋ.

ಹೊಟ್ಟೆ ತುಂಬೀತೇ ಎಂದು ಕೇಳುವವರು ಇದನ್ನೂ ಯೋಚಿಸಬೇಕು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಮೂಲೆಯಲ್ಲಿ ಕೂರುತ್ತದೆ, ಆಗ ಸ್ವಿಚ್ ಮುಟ್ಟಬಾರದು, ಬಾಗಿಲು ತೆರೆಯಬೇಕು ಎಂಬುದು ನಮ್ಮ ಖೋಲಿಗಳಲ್ಲಿ ತಾಯಿ ಕೆಲಸಕ್ಕೆ ಹೋದಾಗ ಒಲೆ ಹೊತ್ತಿಸುವ ಹತ್ತು ವರ್ಷದ ಹುಡುಗಿಗೆ ಇಂಗ್ಲಿಷ್‌ಗಿಂತ ಮೊದಲು ಬೇಕಾದ ತಿಳುವಳಿಕೆ. ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ. ಅದರಿಂದ ಸಿಗುವ ಕೆಲಸವನ್ನೂ ನಾನು ಹೀಗಳೆಯುವುದಿಲ್ಲ. ಆದರೆ ಅದನ್ನು ಶಾಲೆಯವರೂ ಕಲಿಸುತ್ತಾರೆ, ಓಣಿಗೆ ಹತ್ತು ಟ್ಯೂಷನ್ ಕ್ಲಾಸುಗಳೂ ಇವೆ. ಇದನ್ನು ನಮ್ಮ ಮಾತಿನಲ್ಲಿ ಕಲಿಸುವವರು ಯಾರಿದ್ದಾರೆ?

ಮಾತಿನ ವಿಷಯ ಬಂತು. ನಮ್ಮ ಮಕ್ಕಳು ಶಾಲೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಕನ್ನಡ, ಇಲ್ಲವೆ ತುಳು. ಬಾಷ್ಪೀಭವನ ಎಂದರೆ ಹೆದರುತ್ತವೆ. ಆವಿ ಎಂದರೆ ಇಡ್ಲಿಯ ಅಟ್ಟಸರವೇ ಕಣ್ಣ ಮುಂದೆ ಬರುತ್ತದೆ. ಶಿವರಾಮ ಕಾರಂತರು ಕಾಲೇಜನ್ನು ನಡುವೆಯೇ ಬಿಟ್ಟವರು. ಆದರೂ ಪುತ್ತೂರಿನಲ್ಲಿ ಕುಳಿತು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನೂ, ಅನಂತರ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನೂ ಕನ್ನಡದಲ್ಲಿ ಮಾಡಿದರು. ಅಂಥ ದೊಡ್ಡ ಕೆಲಸ ನಮ್ಮಿಂದಾಗದು. ಭಾನುವಾರದ ಒಂದು ಗಂಟೆ ಆದೀತು.

ಈಗ ಆ ಹುಡುಗಿಯ ನಳಕ್ಕೆ ಬರುತ್ತೇನೆ. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ನಾನು ಕಲಿತದ್ದು ಇಷ್ಟು. ಮುಂಬಯಿಗೆ ನೀರು ಕೊಡುವ ಕೆರೆಗಳು ಏಳು. ವಿಹಾರ ಮತ್ತು ತುಳಸಿ ಎಂಬ ಎರಡು ಸಣ್ಣವು ನಗರದೊಳಗೇ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿವೆ. ವಿಹಾರದ ನೀರು 1860ರಿಂದ ಬರುತ್ತಿದೆ. ತಾನಸಾ 1892ರದ್ದು. ಮೋಡಕ ಸಾಗರ, ಮೇಲಣ ವೈತರಣಾ, ಮಧ್ಯ ವೈತರಣಾ, ಭಾತಸಾ ಇವೆಲ್ಲ ದೂರದ ಸಹ್ಯಾದ್ರಿಯ ಕಡೆ, ಕೆಲವು ನೂರು ಕಿಲೋಮೀಟರು ಆಚೆ. ನಗರದ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಭಾತಸಾ ಒಂದರಿಂದಲೇ. ಅಲ್ಲಿಯ ಎಷ್ಟೋ ಹಳ್ಳಿಗಳ ಹೆಂಗಸರು ಬೇಸಿಗೆಯಲ್ಲಿ ಕೊಡ ಹೊತ್ತು ಮೈಲುಗಟ್ಟಲೆ ನಡೆಯುತ್ತಾರೆ, ಅವರ ಕಣ್ಣ ಮುಂದೆಯೇ ನಮ್ಮ ಕೊಳವೆ ಹಾದು ಬರುತ್ತದೆ. ಇದನ್ನೂ ಮಕ್ಕಳಿಗೆ ಹೇಳಬೇಕು ಎಂದು ನನ್ನ ಮತ. ನೀರಿನ ಪಾಠದಲ್ಲಿ ನ್ಯಾಯದ ಪಾಠ ಸೇರಿಕೊಂಡರೆ ತಪ್ಪೇನಿಲ್ಲ.

ಆ ಕೆರೆಗಳನ್ನು ತುಂಬಿಸುವುದು ಯಾವುದು? ಅರಬ್ಬೀ ಸಮುದ್ರದ ಮೇಲಿನ ಗಾಳಿ ನೀರಿನ ಆವಿ ಹೊತ್ತು ಬಂದು ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ. ಮೇಲೇರಿದಷ್ಟೂ ತಣ್ಣಗಾಗಿ, ಅಟ್ಟಸರದ ಮುಚ್ಚಳದ ಒಳಗೆ ಹನಿ ಕಟ್ಟುವ ಹಾಗೆ ಹನಿ ಕಟ್ಟಿ ಸುರಿಯುತ್ತದೆ. ಜೂನ್ ಮೊದಲ ವಾರ ಕುಂದಾಪುರ, ಉಡುಪಿಯ ನಮ್ಮ ಮನೆಯ ಮಾಡಿನ ಮೇಲೆ ಬೀಳುವುದೂ, ಅದರ ಹಿಂದೆಯೇ ಇಲ್ಲಿಗೆ ಬಂದು ತಾನಸಾದಲ್ಲಿ ಬೀಳುವುದೂ ಒಂದೇ ಮಳೆ, ಒಂದೇ ಬೆಟ್ಟಸಾಲಿನ ಕೃಪೆ. ಊರು ಬಿಟ್ಟು ಬಂದೆವು ಎಂದು ಅಳುತ್ತೇವೆ, ಊರಿನ ಮಳೆ ನಮ್ಮ ಬೆನ್ನಿಗೇ ಬಂದದ್ದನ್ನು ನೋಡಲಿಲ್ಲ. ಬಿದ್ದ ನೀರನ್ನು ಒಮ್ಮೆಲೇ ಹರಿದುಹೋಗದಂತೆ ತಡೆದು ಬೇರು, ತರಗೆಲೆ, ಮಣ್ಣಿನಲ್ಲಿ ಇಂಗಿಸಿ ಮೆಲ್ಲಗೆ ಕೆರೆಗೆ ಬಿಡುವುದು ಕಾಡು. ಕಾಡು ಕಡಿದರೆ ಮಣ್ಣು ಜಾರಿ ಕೆರೆಯಲ್ಲಿ ಹೂಳು ತುಂಬುತ್ತದೆ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಒಂದು ಮಳೆ ಸಾಕು.

ಇದೇ ನೀರಿನ ಇನ್ನೊಂದು ಮುಖವನ್ನು 2005ರ ಜುಲೈ 26ರಂದು ಕಂಡೆವು. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ. ಕೊಲಾಬಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ! ವಿಹಾರ, ಪವಯಿ ಕೆರೆಗಳ ತುಂಬಿ ಹರಿದ ನೀರೇ ಮೀಠೀ ನದಿಯಾಗಿ ಮಾಹೀಮಿನಲ್ಲಿ ಸಮುದ್ರ ಸೇರುವುದು. ಆ ನದಿಯ ಪಾತ್ರವನ್ನು ಕಟ್ಟಡ ಕಟ್ಟಿ ಕಿರಿದು ಮಾಡಿದ್ದರು, ಕಸ ತುಂಬಿದ್ದರು, ಸಮುದ್ರದ ಅಂಚಿನ ಕಾಂಡ್ಲಾ ಕಾಡನ್ನು ಕಡಿದಿದ್ದರು. ನದಿ ತನ್ನ ಜಾಗವನ್ನು ಕೇಳಿತು. ನೂರಾರು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ನಮ್ಮಂಥವರೇ. ನದಿ ಎಂಬುದು ತಮಗೆ ಗೊತ್ತೇ ಇರಲಿಲ್ಲ, ಗಟಾರವೆಂದು ತಿಳಿದಿದ್ದೆವು ಎಂದು ಕುರ್ಲಾದ ಒಬ್ಬ ಸಂಗಾತಿ ನನಗೆ ಹೇಳಿದ. ನದಿಯನ್ನು ಗಟಾರವೆಂದು ತಿಳಿದು ಬೆಳೆದವನು ಅದರ ದಡದಲ್ಲಿ ಖೋಲಿ ಕೊಳ್ಳುವಾಗ ಏನು ನೋಡಿ ಕೊಂಡಾನು?

ಗಾಳಿಯ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಸಮುದ್ರದ ಮಕ್ಕಳು ನಮ್ಮಲ್ಲಿ ಬಹಳ ಇರುವುದರಿಂದ. ಮರಗಳು ಆಮ್ಲಜನಕ ಕೊಡುತ್ತವೆ ಎಂದು ಎಲ್ಲ ಮಕ್ಕಳೂ ಹೇಳುತ್ತವೆ. ಆದರೆ ಭೂಮಿಯ ಮೇಲೆ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಅರ್ಧವನ್ನು ಕೊಡುವುದು ಸಮುದ್ರದಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಡಲಿನ ಅಡಿಯ ತಣ್ಣೀರು ಸತ್ವ ಹೊತ್ತು ಮೇಲೆ ಬಂದಾಗ ಅವು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ಅವನ್ನು ತಿಂದು ಬೆಳೆಯುವುದು ಬೂತಾಯಿ. ಆ ಹೊತ್ತಿಗೆ ಯಂತ್ರದ ದೋಣಿ ಇಳಿಸಬಾರದು ಎಂದು ಸರಕಾರ ತಡೆ ಹಾಕುವುದು ಮೀನು ಮೊಟ್ಟೆ ಇಟ್ಟು ಮರಿ ಬೆಳೆಯಲೆಂದು. ನಮ್ಮ ಉಸಿರೂ ನಮ್ಮ ಸಾರೂ ಒಂದೇ ನೀರಿನಿಂದ ಬರುತ್ತವೆ.

ಓದದವರು ನಾವು ಹೇಗೆ ಕಲಿಸಲಿ ಎಂಬ ಅಂಜಿಕೆ ಕೆಲವರಿಗಿದೆ. ಮಧ್ಯಪ್ರದೇಶದಲ್ಲಿ ಆಗಿನ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿಶಾಲೆಗಳಲ್ಲಿ 1972ರಲ್ಲಿ ಒಂದು ಪ್ರಯತ್ನ ಸುರುವಾಯಿತು. ಮಕ್ಕಳು ಪುಸ್ತಕ ಉರುಹೊಡೆಯುವ ಬದಲು ಹೊಲಕ್ಕೆ ಹೋಗಿ ನೋಡಿ, ತಾವೇ ಅಳೆದು, ಕೈಗೆ ಸಿಕ್ಕಿದ ಸಾಮಾನಿನಿಂದ ಪ್ರಯೋಗ ಮಾಡಿ ಕಲಿಯಬೇಕು ಎಂಬುದು ಅದರ ರೀತಿ. ಅದು ಮೂವತ್ತು ವರ್ಷ ನಡೆಯಿತು. 2002ರಲ್ಲಿ ಸರಕಾರ ನಿಲ್ಲಿಸಿತು. ಪ್ರಶ್ನೆ ಕೇಳುವ ಮಕ್ಕಳು ಎಲ್ಲ ಸರಕಾರಗಳಿಗೂ ಇಷ್ಟವಾಗುವುದಿಲ್ಲ ಎಂದು ನನ್ನ ಊಹೆ. 1976ರಿಂದ ನಮ್ಮ ಸಂವಿಧಾನದಲ್ಲಿಯೇ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದೂ, ವಿಜ್ಞಾನದ ಮನೋಭಾವವನ್ನು ಬೆಳೆಸುವುದೂ ನಾಗರಿಕನ ಕರ್ತವ್ಯ ಎಂದು ಬರೆದಿದೆ. ಪರಿಸರವನ್ನು ಶಾಲೆಯಲ್ಲಿ ಕಲಿಸಲೇಬೇಕೆಂದು ಸುಪ್ರೀಮ್ ಕೋರ್ಟು 1991ರಲ್ಲಿಯೇ ಹೇಳಿದೆ. ಪುಸ್ತಕಕ್ಕೆ ಅದು ಬಂದಿದೆ. ಪುಸ್ತಕದಿಂದ ಇಳಿದು ಚಾಳಿನ ನಳದವರೆಗೆ ಬಂದಿಲ್ಲ, ಅಷ್ಟೇ ನನ್ನ ತಕರಾರು.

ಖರ್ಚಿನ ಪ್ರಶ್ನೆಯೂ ಎದ್ದಿತ್ತು. ತಿಂಗಳಿಗೆ ಮೂರು ಭಾನುವಾರ ಸಂಘದ ಖೋಲಿಯಲ್ಲಿ, ಒಂದು ಭಾನುವಾರ ಹೊರಗೆ. ಬೋರಿವಲಿಯ ಕಾಡು ಲೋಕಲ್ ಗಾಡಿಯ ದೂರದಲ್ಲಿದೆ. ಚಿರತೆ ಇರುವ ಕಾಡು ಇಷ್ಟು ದೊಡ್ಡ ಶಹರದ ಹೊಟ್ಟೆಯಲ್ಲಿ ಇರುವುದೇ ಒಂದು ಆಶ್ಚರ್ಯ. ಚಳಿಗಾಲದಲ್ಲಿ ಶಿವಡಿ, ಠಾಣೆಯ ಖಾಡಿಗೆ ಸಾವಿರಾರು ರಾಜಹಂಸಗಳು ಬಂದು ಕೆಸರಿನಲ್ಲಿ ಮೇಯುತ್ತವೆ. ಅದನ್ನು ನೋಡಲು ಕಾಸು ಬೇಡ. ವರಳಿಯಲ್ಲಿ ನೆಹರು ವಿಜ್ಞಾನ ಕೇಂದ್ರ 1985ರಿಂದ ಇದೆ. ನಮ್ಮ ಗಿರಣಿಯ ಹಿರಿಯರು ಅದರ ಗೋಡೆಯ ಪಕ್ಕದಲ್ಲಿ ನಡೆದು ಮುದುಕರಾದರು, ಒಳಗೆ ಹೋದವರು ಎಷ್ಟು ಮಂದಿಯೋ. ಕಲಿಸುವವರಿಗೆ ಪಗಾರ ಬೇಡ: ಗಾಳಿಯ ತೇವಕ್ಕೆ ನೇಯ್ಗೆ ಖಾತೆಯ ಅಜ್ಜ, ಹಿಟ್ಟಿಗೆ ನಮ್ಮ ಅಡಿಗೆಯವರು, ಸಮುದ್ರಕ್ಕೆ ದೋಣಿಯಲ್ಲಿ ಹುಟ್ಟಿ ಬೆಳೆದವರು. ರಾತ್ರಿ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿರುವ ಇಬ್ಬರು ತರುಣರು ನಮ್ಮ ತಪ್ಪು ತಿದ್ದಲು ಒಪ್ಪಿದ್ದಾರೆ. ತಿದ್ದುವವರು ಬೇಕೇ ಬೇಕು. ನಾನು ಏಳನೆಯ ತರಗತಿಯವನು. ಇಲ್ಲಿ ಬರೆದದ್ದನ್ನೂ ಅವರಿಗೆ ತೋರಿಸಿಯೇ ಕೊಟ್ಟಿದ್ದೇನೆ.

ಬರುವ ಸಭೆಯಲ್ಲಿ ನನ್ನ ಸೂಚನೆ ಮತ್ತೆ ಮತಕ್ಕೆ ಬರುತ್ತದೆ. ಮಕ್ಕಳಿರುವ ಸದಸ್ಯರು, ಸಮಿತಿಯಲ್ಲಿ ಇಲ್ಲದಿದ್ದರೂ, ಬಂದು ಕುಳಿತು ಮಾತಾಡಬೇಕು. ಬೆಳಗಿನ ಪಾಳಿಯವರಿಗೆ ಅನುಕೂಲವಾಗಲೆಂದು ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದೆ. ಆ ಹಿರಿಯ ಸದಸ್ಯರಿಗೂ ಹೇಳಿದ್ದೇನೆ, ಅವರ ಮೊಮ್ಮಗನನ್ನು ಕರಕೊಂಡು ಬರುವಂತೆ. ನಾನು ಅಂದು ಬೆಳಿಗ್ಗೆ ರುಬ್ಬಿದ ಹಿಟ್ಟು ಅರ್ಧ ಪಾತ್ರೆ ತಂದು ಸಂಘದ ಮೇಜಿನ ಮೇಲೆ ಇಡುತ್ತೇನೆ, ಸಭೆ ಮುಗಿಯುವಾಗ ಅದು ಎಲ್ಲಿಯವರೆಗೆ ಬಂದಿದೆ ಎಂದು ಆ ಹುಡುಗ ಗುರುತು ಹಾಕಲಿ.